ಬಾಗಿಲು ತಟ್ಟುವ ಕೈ

ನನ್ನ ಮಗಳಿಗೆ ಜನರನ್ನು ಹೆದರಿಸಲು ಬರುವುದಿಲ್ಲ. ಇದು ನಾನು ಹೇಳಿದ್ದಲ್ಲ, ಕಾಲೇಜಿನಲ್ಲಿ ಅವಳಿಗೆ ಸಿನಿಮಾ ಕಲಿಸುವ ಮೇಡಂ ಹೇಳಿದ್ದು. ಹೋದ ಸಲ ಇವಳು ಮಾಡಿದ ಪುಟ್ಟ ಚಿತ್ರದಲ್ಲಿ ಕೊಲೆಗಾರ ಮೆಟ್ಟಿಲು ಇಳಿದು ಬರುವಾಗ ಅವನ ಚಪ್ಪಲಿ ಬಾತುಕೋಳಿಯ ಹಾಗೆ ಕೂಗಿತಂತೆ. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. "ನಿನಗೆ ಹಾಸ್ಯ ಚೆನ್ನಾಗಿ ಒಗ್ಗತ್ತೆ" ಎಂದರಂತೆ ಮೇಡಂ. ಗಾಯದ ಮೇಲೆ ಬರೆ ಎಳೆಯುವುದು ಎಂದರೆ ಇದೇ. ಮಗಳು ಒಂದು ವಾರ ಊಟದ ತಟ್ಟೆಯ ಮುಂದೆ ಕೂತು ಗೋಡೆ ನೋಡಿದಳು.

ಈ ಸಲದ ಕೆಲಸ ಒಂದು ಥ್ರಿಲ್ಲರ್ ಚಿತ್ರದ ಆರಂಭ. ಎರಡೇ ಎರಡು ನಿಮಿಷ. ಇಡೀ ಕಥೆ ಬೇಡ. ನೋಡುವವರು ಉಸಿರು ಬಿಗಿಹಿಡಿದು ಕೂತಾಗ ಚಿತ್ರದ ಹೆಸರು ಬಂದು ಅಲ್ಲಿಗೆ ನಿಲ್ಲಬೇಕು. ಹೆದರಿಸಿ ಗೆದ್ದವರಿಗೆ ಕೊನೆಯ ವರ್ಷದ ದೊಡ್ಡ ಚಿತ್ರವನ್ನು ನಿರ್ದೇಶಿಸಲು ಕೊಡುತ್ತಾರೆ. ಗೆಲ್ಲದವರು ಗೆದ್ದವರಿಗೆ ವರ್ಷವಿಡೀ ಲೈಟು ಹಿಡಿದುಕೊಂಡು ನಿಲ್ಲಬೇಕು. ನನ್ನ ಮಗಳು ಮಗುವಾಗಿದ್ದಾಗ ಟೀಚರ್ ಆಟ ಆಡುವಾಗಲೂ ಟೀಚರೇ ಆಗಬೇಕಿತ್ತು, ಮಿಕ್ಕವರೆಲ್ಲ ಮಕ್ಕಳು. ಅಂಥವಳು ಲೈಟು ಹಿಡಿದಾಳೇ? ಈ ಎರಡು ನಿಮಿಷಕ್ಕೆ ಅವಳ ಜೀವವೇ ನೇತುಬಿದ್ದಿತ್ತು.

ನಮ್ಮ ಊಟದ ಮೇಜಿನ ತುಂಬ ಕಾಗದ. ಪ್ರತಿ ಕಾಗದದಲ್ಲೂ ಚೌಕಗಳು, ಚೌಕದೊಳಗೆ ಚಿತ್ರಗಳು: ಕ್ಯಾಮರಾಕ್ಕೆ ಏನೇನು ಕಾಣಬೇಕು ಅನ್ನುವುದನ್ನು ಮೊದಲೇ ಹೀಗೆ ಬರೆದಿಟ್ಟುಕೊಳ್ಳಬೇಕಂತೆ. ಮೊದಲ ಚೌಕದಲ್ಲಿ ಕತ್ತಲು ಓಣಿ. ಎರಡನೆಯದರಲ್ಲಿ ಕಪ್ಪು ಗವಸು ಹಾಕಿದ ಕೈ, ಕೈಯಲ್ಲಿ ಚಾಕು. ಆಮೇಲೆ ಮಬ್ಬುಗತ್ತಲ ಕೋಣೆಯಲ್ಲಿ ಒಂಟಿ ಹೆಂಗಸು. ಕೈ ಬಾಗಿಲು ತಟ್ಟುತ್ತದೆ. ಹೆಂಗಸಿನ ಮುಖದಲ್ಲಿ ಭಯ. ನಡುಗುವ ಬೆರಳು ಚಿಲಕದ ಮೇಲೆ. ಅಷ್ಟೇ, ಹೆಸರು.

"ಈ ಕೈ ಯಾರದು?" ಎಂದೆ.

"ಅಪ್ಪನ್ನ ಕೇಳ್ದೆ. ಅವರ ಕೈ ನೋಡಿದ್ರೆ ಬಿಸ್ಕತ್ತು ಕೊಡೋಕೆ ಬಂದ ಹಾಗಿರತ್ತೆ. ನಿನ್ನ ಕೈ ಒಳ್ಳೆ ಒರಟಾಗಿದೆ ಅಮ್ಮ."

ಇಪ್ಪತ್ತು ವರ್ಷ ಪಾತ್ರೆ ತಿಕ್ಕಿದ್ದಕ್ಕೆ ಸಿಕ್ಕ ಬಹುಮಾನ. ಒಪ್ಪಿಕೊಂಡೆ. ಅದೂ ಅಲ್ಲದೆ ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹೆಸರು ಕೂಗಿ ಒಳಗೆ ಕಳಿಸುವವಳು. ಭಯ ಅಂದರೆ ಏನು, ಅದು ಮುಖದ ಯಾವ ಮೂಲೆಯಲ್ಲಿ ಹೇಗೆ ಕೂರುತ್ತದೆ ಅನ್ನುವುದನ್ನು ದಿನವೂ ನೋಡುತ್ತೇನೆ. ಈ ವಿಷಯದಲ್ಲಿ ಮೇಡಂಗಿಂತ ನನಗೇ ಹೆಚ್ಚು ಗೊತ್ತು ಎಂದು ಮಗಳಿಗೆ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಜಾಗ ಯಾವುದು ಅನ್ನುವುದಕ್ಕೆ ಅವಳು ತಲೆ ಕೆಡಿಸಿಕೊಳ್ಳಲೇ ಇಲ್ಲ. "ಅತ್ತೆ ಮನೆ!" ಎಂದಳು. ಅತ್ತೆ ಅಂದರೆ ನನ್ನ ನಾದಿನಿ, ಇವರ ತಂಗಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಗಂಡ ತೀರಿಕೊಂಡು ನಾಲ್ಕು ವರ್ಷ, ಮಕ್ಕಳಿಲ್ಲ. ಹಳೇ ಕಟ್ಟಡದ ಉದ್ದನೆಯ ಓಣಿಯ ಕೊನೆಯ ಬಾಗಿಲು ಅವಳದು. ಓಣಿಯ ಬಲ್ಬು ಬದುಕಲೋ ಸಾಯಲೋ ಅನ್ನುತ್ತಿರುತ್ತದೆ. ಒಳಗೆ ತೇವ ಹಿಡಿದ ಗೋಡೆ, ಎಳೆದೇ ಇರುವ ಪರದೆ, ತೆಗೆದರೆ ನರಳುವ ಬಾಗಿಲು. ನಮ್ಮ ಮನೆಯಿಂದ ಎರಡು ಬಸ್ಸು ಬದಲಿಸಬೇಕು. ಎರಡು ಬಸ್ಸು ಅನ್ನುವುದು ಒಳ್ಳೆಯ ನೆಪ, ನಾವೆಲ್ಲ ಅದನ್ನು ಚೆನ್ನಾಗಿ ಬಳಸಿಕೊಂಡಿದ್ದೆವು.

ಮಗಳು ಮತ್ತು ಅವಳ ಕ್ಯಾಮರಾದ ಹುಡುಗ ಹೋಗಿ ಜಾಗದ ಫೋಟೋ ತೆಗೆದುಕೊಂಡು ಬಂದರು. ಆ ಹುಡುಗ ಬರೀ ಕಾಲು, ಬರೀ ಕತ್ತು. ಎಲ್ಲರೂ ಅವನನ್ನು ಕೊಕ್ಕರೆ ಎನ್ನುತ್ತಾರೆ, ಅವನೂ ಓ ಎನ್ನುತ್ತಾನೆ. ಮೇಡಂ ಫೋಟೋ ನೋಡಿ, "ಜಾಗವೇ ಅರ್ಧ ಕೆಲಸ ಮಾಡಿಬಿಡತ್ತೆ" ಎಂದರಂತೆ. ಒಂಟಿ ಹೆಂಗಸಿನ ಪಾತ್ರವೂ ಅತ್ತೆಯದೇ ಎಂದು ಫೋನಿನಲ್ಲಿ ಅವಳನ್ನು ಒಪ್ಪಿಸಿದ್ದಾಯಿತು. ಮುಂದಿನ ಭಾನುವಾರ ಬರುತ್ತೇವೆ ಎಂದು ಹೇಳಿದ್ದೂ ಆಯಿತು.

ಭಾನುವಾರ ಹೋಗಿ ನೋಡಿದರೆ ಓಣಿಯಲ್ಲಿ ಬೆಳಕೋ ಬೆಳಕು.

ನಾದಿನಿ ಕಾವಲುಗಾರನ ಹಿಂದೆ ಬಿದ್ದು ಹೊಸ ಬಲ್ಬು ಹಾಕಿಸಿದ್ದಳು. ಬಾಗಿಲಿಗೆ ಎಣ್ಣೆ ಬಿಟ್ಟಿದ್ದಳು, ಅದು ಈಗ ಬೆಣ್ಣೆಯ ಹಾಗೆ ಜಾರುತ್ತಿತ್ತು. ಒಳಗೆ ನಾಲ್ಕೂ ಗೋಡೆಗೆ ತೆಳು ಹಳದಿ ಬಣ್ಣ. ಕಿಟಕಿಗೆ ಹೂವಿನ ಪರದೆ, ಅದನ್ನೂ ಎರಡು ಕಡೆಗೆ ಸರಿಸಿ ಕಟ್ಟಿದ್ದಳು. ಮೇಜಿನ ಮೇಲೆ ಹೊಸ ಬಟ್ಟೆ, ಅದರ ಮೇಲೆ ಕಾಫಿ ಕಪ್ಪು, ಬಸಿಗಳ ಸಾಲು.

"ಮನೆಯಲ್ಲಿ ಶೂಟಿಂಗು ಅಂದ್ಮೇಲೆ ಹಾಗೇ ಬಿಡೋಕಾಗತ್ತಾ?" ಎಂದಳು. "ಹಗಲು ಕೆಲಸ, ಸಂಜೆ ಇದೇ. ಕೈಯೆಲ್ಲ ಬಣ್ಣ ನೋಡಿ ಅತ್ತಿಗೆ. ಹೇಗಿದೆ?"

ಮಗಳ ಮುಖ ಸುಣ್ಣವಾಗಿತ್ತು. ಕೊಕ್ಕರೆ ಕತ್ತು ಚಾಚಿ, "ಆದ್ರೆ ಆಂಟಿ, ನಮಗೆ ಬೇಕಾಗಿದ್ದು ಆ ಹಳೇ..." ಎಂದು ಬಾಯಿ ತೆಗೆದ. ನಾನು ಅವನ ಕಾಲು ತುಳಿದೆ. ಅಷ್ಟುದ್ದ ಕಾಲಿದ್ದರೆ ತುಳಿಯಲು ಹುಡುಕಬೇಕಾಗಿಲ್ಲ.

"ತುಂಬಾ ಚೆನ್ನಾಗಿದೆ ಅತ್ತೆ" ಎಂದಳು ಮಗಳು. ದನಿ ಒಡೆದಿತ್ತು. ನಾದಿನಿಗೆ ಅದು ಖುಷಿಯ ಹಾಗೆ ಕೇಳಿಸಿತು.

ಮಗಳು ನನ್ನನ್ನು ಓಣಿಗೆ ಎಳೆದುಕೊಂಡು ಹೋದಳು. "ಮುಗೀತು ಅಮ್ಮ. ಇದು ಸೋಪಿನ ಜಾಹೀರಾತು. ನಾಳೆ ಬೆಳಗ್ಗೆ ಕ್ಯಾಮರಾ ವಾಪಸು ಕೊಡ್ಬೇಕು. ಬೇರೆ ಮನೆ ಎಲ್ಲಿಂದ ತರ್ಲಿ? ಮತ್ತೆ ನಗ್ತಾರೆ, ಎಲ್ಲರೂ ನಗ್ತಾರೆ."

"ನಿನ್ನ ಮನೆ ಭೂತದ ಮನೆ ಥರ ಇತ್ತು, ಅದಕ್ಕೇ ಬಂದ್ವಿ ಅಂತ ಅವಳಿಗೆ ಹೇಳ್ತೀಯಾ?"

"ಹೇಗೆ ಹೇಳ್ಲಿ!"

"ಹಾಗಾದ್ರೆ ಕಣ್ಣೊರೆಸ್ಕೊ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಬೈದು, ನನ್ನ ಸೆರಗನ್ನೇ ಮುಂದೆ ಮಾಡಿದೆ. ಅವಳು ಮೂಗು ಸೀಟಿಕೊಂಡಳು. ಆಮೇಲೆ ಹೊಸ ಬಲ್ಬನ್ನು ಸಡಿಲ ಮಾಡು ಎಂದು ಕೊಕ್ಕರೆಗೆ ಹೇಳಿದಳು. ಹೊರಗೆ ಕತ್ತಲು ಸಿಕ್ಕಿತು. ಒಳಗಿನ ಬೆಳಕಿಗೆ ಮಾಡುವಂಥದ್ದು ಏನೂ ಇರಲಿಲ್ಲ. ಇನ್ನು ಉಳಿದಿದ್ದು ಅತ್ತೆಯ ಮುಖ. ಅದರಲ್ಲಿ ಭಯ ಬಂದರೆ ಬಚಾವು, ಇಲ್ಲದಿದ್ದರೆ ವರ್ಷವಿಡೀ ಲೈಟು.

ನನಗೆ ಕೊಕ್ಕರೆಯ ಅಪ್ಪನ ಬೈಕಿನ ಗವಸು ಹಾಕಿದರು. ಬೆಳ್ಳಿ ಕಾಗದ ಸುತ್ತಿದ ರಟ್ಟಿನ ಚಾಕು ಕೊಟ್ಟರು. ಮೊದಲು ಓಣಿಯಲ್ಲಿ ನನ್ನ ಕೈಯನ್ನು ಹಿಂದಿನಿಂದ, ಪಕ್ಕದಿಂದ, ಕೆಳಗಿನಿಂದ ಚಿತ್ರಿಸಿದರು. ಅದು ಸರಾಗವಾಗಿ ಆಯಿತು. ನನ್ನ ಕೈ ಗವಸಿನೊಳಗೂ ಒರಟೇ. ಆಮೇಲೆ ಕ್ಯಾಮರಾ ಒಳಗೆ ಹೋಯಿತು. ನಾದಿನಿ ಬಟ್ಟೆ ಮಡಿಸುತ್ತಾ ನಿಂತಿರಬೇಕು. ತಟ್ಟಿದ ಸದ್ದಿಗೆ ಬೆಚ್ಚಬೇಕು, ಬಾಗಿಲ ಕಡೆ ಅಂಜುತ್ತಾ ಬರಬೇಕು, ಚಿಲಕದ ಮೇಲೆ ಕೈ ಇಡಬೇಕು. ತೆಗೆಯಬಾರದು. ನಾನು ಹೊರಗೆ ಕತ್ತಲಲ್ಲಿ ನಿಂತು ತಟ್ಟಬೇಕು, ಅಷ್ಟೇ ನನ್ನ ಪಾತ್ರ.

ತಟ್ಟಿದೆ. ಒಳಗೆ ಸರಸರ ಹೆಜ್ಜೆ. ಚಿಲಕ ಸರಿದು ಬಾಗಿಲು ತೆರೆದೇಬಿಟ್ಟಿತು.

"ಕಟ್! ಅತ್ತೆ, ತೆಗೀಬಾರ್ದು!"

"ಅಯ್ಯೋ, ಮರೆತೆ."

ಮತ್ತೆ ತಟ್ಟಿದೆ. ಮತ್ತೆ ತೆರೆಯಿತು. ಮಗಳು ತಾಳ್ಮೆಯಿಂದ ವಿವರಿಸಿದಳು: ಹೊರಗಿರುವವನು ಕೊಲೆಗಾರ, ನಿಮಗೆ ಹೆದರಿಕೆ. ನಾದಿನಿ ಹೂಂ ಹೂಂ ಎಂದಳು. ಮೂರನೆಯ ಸಲ ಕಷ್ಟಪಟ್ಟು ಬಾಗಿಲು ತೆಗೆಯದೆ ನಿಂತಳು, ಆದರೂ ಮಗಳು ಕಟ್ ಎಂದಳು. "ಅತ್ತೆ, ನಗ್ತಿದ್ದೀರಿ."

"ಇಲ್ವಲ್ಲ?"

"ನಗ್ತಿದ್ದೀರಿ ಅತ್ತೆ."

ನನಗೆ ಕಾಲು ನೋವು, ಗವಸಿನೊಳಗೆ ಬೆವರು. ಒಳಗೆ ಹೋಗಿ ನಾನೇ ಪಾಠ ಶುರು ಮಾಡಿದೆ. "ನೋಡೇ, ಹಲ್ಲಿನ ಡಾಕ್ಟರು ಆ ಗುಯ್ ಅನ್ನೋ ಯಂತ್ರ ತಗೊಂಡು ಬಾಯಿ ತೆಗೀರಿ ಅಂತಾರೆ. ಆಗ ಹೇಗಾಗತ್ತೆ?"

"ನಮ್ಮ ಮನೆತನದವರ ಹಲ್ಲು ಗಟ್ಟಿ ಅತ್ತಿಗೆ. ನಾನು ಹೋಗೇ ಇಲ್ಲ."

ಮತ್ತೆ ಹೊರಗೆ ಹೋದೆ. ಜಪ್ಪಯ್ಯ ಅಂದರೂ ಅವಳಿಗೆ ಭಯ ಬರಲಿಲ್ಲ. ಎಷ್ಟು ಸಲ ತಟ್ಟಿದೆನೋ ಲೆಕ್ಕ ತಪ್ಪಿತು. ಕೊನೆಗೆ ನನ್ನ ಸಿಟ್ಟು ನೆತ್ತಿಗೇರಿ ಧಬಧಬ ಎಂದು ಬಾಗಿಲು ಒಡೆಯುವ ಹಾಗೆ ಗುದ್ದಿದೆ. ಹೀಗೆ ಗುದ್ದಿದರೆ ಎಂಥವಳೂ ಹೆದರಬೇಕು.

ಬಾಗಿಲು ಪೂರ್ತಿ ತೆರೆಯಿತು. ಒಳಗಿನ ಹಳದಿ ಬೆಳಕೆಲ್ಲ ನನ್ನ ಮೇಲೆ ಬಿತ್ತು. ಅಷ್ಟು ಹೊತ್ತೂ ಗವಸು, ಚಾಕು, ಕಾಲುನೋವು ಎಂದು ಒದ್ದಾಡುತ್ತಿದ್ದ ನಾನು ಆಗ ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದೆ. ಮುಖ ಊರಗಲ ಅರಳಿತ್ತು. ಹೊರಗಿರುವುದು ನಾನೇ ಎಂದು ಅವಳಿಗೆ ಗೊತ್ತು. ಈಗ ತಾನೇ ಒಳಗಿದ್ದು ಬೈದು ಹೊರಗೆ ಬಂದವಳು, ಕೈಯಲ್ಲಿ ರಟ್ಟಿನ ಚಾಕು ಹಿಡಿದ ಅತ್ತಿಗೆ. ಆದರೂ ಬಾಗಿಲು ಸದ್ದಾದ ಕೂಡಲೇ ಆ ಮುಖ ಹಾಗಾಗುತ್ತಿತ್ತು, ಪ್ರತಿ ಸಲವೂ. ಅವಳ ಕೈಯಲ್ಲಿರಲಿಲ್ಲ ಅದು.

"ತಟ್ಟಿದ್ಮೇಲೆ ತೆಗೀದೆ ಹೇಗೆ ನಿಲ್ಲೋದು ಅತ್ತಿಗೆ?" ಎಂದಳು, ತಪ್ಪು ಮಾಡಿದವಳ ಹಾಗೆ.

ನನಗೆ ಅಳು ಬಂತು. ಕಣ್ಣೊರೆಸಿಕೊಳ್ಳೋಣವೆಂದರೆ ಕೈಯಲ್ಲಿ ಬೈಕಿನ ಗವಸು. ಈ ಶೂಟಿಂಗಿನ ನೆಪ ಬರುವ ತನಕ, ನಾಲ್ಕು ವರ್ಷದಲ್ಲಿ ಈ ಬಾಗಿಲನ್ನು ಯಾರು ತಟ್ಟಿರಬಹುದು? ಮೀಟರು ನೋಡುವವನು. ಇನ್ನೊಬ್ಬರ ಹೆಸರು ನನಗೆ ಹೊಳೆಯಲಿಲ್ಲ.

ಮಗಳು ಕ್ಯಾಮರಾದ ಪುಟ್ಟ ಪರದೆಯಲ್ಲಿ ಅದೇ ಮುಖವನ್ನು ಹಿಂದೆ ಮುಂದೆ ಓಡಿಸಿ ನೋಡುತ್ತಿದ್ದಳು. ಕೊಕ್ಕರೆಯನ್ನು ಕರೆದು ತೋರಿಸಿದಳು, ಅವನು ಕತ್ತು ಬಗ್ಗಿಸಿ ಮತ್ತೊಮ್ಮೆ ನೋಡಿದ. ಆಮೇಲೆ ಎದ್ದು ಅತ್ತೆಯ ಹತ್ತಿರ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

"ಅತ್ತೆ, ಭಯ ಬೇಡ. ಯಾರೋ ಬರ್ತಾರೆ ಅಂತ ಬೆಳಗ್ಗಿಂದ ಕಾಯ್ತಿದ್ದೀರಿ. ಮೇಜಿನ ಮೇಲೆ ಎರಡು ಕಪ್ಪು ಇಡಿ. ಪರದೆ ಸರಿಮಾಡಿ. ಗಡಿಯಾರ ನೋಡಿ. ತಟ್ಟಿದ ತಕ್ಷಣ ಹೋಗಿ."

"ತೆಗೀಬಹುದಾ?"

"ಚಿಲಕ ತೆಗೀರಿ. ಅಲ್ಲಿಗೆ ಸಾಕು."

ಒಂದೇ ಸಲಕ್ಕೆ ಆಯಿತು. ಕಪ್ಪು ಇಟ್ಟಳು, ಒಂದನ್ನು ಸ್ವಲ್ಪ ಸರಿಸಿ ಮತ್ತೆ ಮೊದಲಿನ ಜಾಗಕ್ಕೇ ತಂದಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಸಾಮಾನು ಕಟ್ಟಿಕೊಂಡು ಹೊರಟಾಗ ಬಾಗಿಲಲ್ಲಿ ನಿಂತು, "ಏನಾದ್ರೂ ತಪ್ಪಾಗಿದ್ರೆ ಹೇಳು ಪುಟ್ಟಿ, ಮತ್ತೆ ಮಾಡೋಣ. ಮುಂದಿನ ವಾರನೂ ನಂಗೆ ಬಿಡುವೇ" ಎಂದಳು. ತಪ್ಪೇನೂ ಆಗಿಲ್ಲ ಎಂದು ಮಗಳು ಹೆಮ್ಮೆಯಿಂದ ಹೇಳಿದಳು. ಹೇಳಬಾರದಿತ್ತು ಎಂದು ಬಸ್ಸಿನಲ್ಲಿ ಇಬ್ಬರಿಗೂ ಅನಿಸಿತು.

ಕಾಲೇಜಿನಲ್ಲಿ ಎಲ್ಲರ ಚಿತ್ರ ತೋರಿಸುವ ದಿನ ಮನೆಯವರನ್ನೂ ಕರೆದಿದ್ದರು. ನಾದಿನಿ ರಜೆ ಹಾಕಿ ಬಂದು ನನ್ನ ಪಕ್ಕ ಕೂತಳು. ಮಗಳು ಗೋಡೆಗೆ ಅಂಟಿಕೊಂಡು ಉಗುರು ಕಚ್ಚುತ್ತಿದ್ದಳು. ಅವಳ ಸರದಿ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಬಾತುಕೋಳಿಯ ದನಿ ತೆಗೆದರು, ನಾಲ್ಕು ಜನ ನಕ್ಕರು. ನನಗೆ ಎದ್ದು ಹೋಗಿ ಒಂದು ಬಿಡೋಣ ಅನಿಸಿತು.

ಕತ್ತಲ ಓಣಿ. ನನ್ನ ಕೈ. ಚಾಕು. ಆಮೇಲೆ ಒಮ್ಮೆಗೇ ಆ ಹಳದಿ ಮನೆ, ಹೂವಿನ ಪರದೆ, ಎರಡು ಕಪ್ಪು, ಗಡಿಯಾರ ನೋಡುವ ಹೆಂಗಸು. ಮತ್ತೆ ಓಣಿ, ಕೈ ಇನ್ನೂ ಹತ್ತಿರ. ನಗು ನಿಂತಿತ್ತು. ಬಾಗಿಲು ತಟ್ಟಿದ ಸದ್ದು. ಪರದೆಯ ತುಂಬ ನಾದಿನಿಯ ಮುಖ ಅರಳಿತು.

"ತೆಗೀಬೇಡ!" ಎಂದು ಮುಂದಿನ ಸಾಲಿನ ಹುಡುಗಿ ಚೀರಿದಳು. ಅವಳ ಹಿಂದೆಯೇ ಹತ್ತು ದನಿ. "ಬೇಡ, ತೆಗೀಬೇಡಿ!" ಮೇಡಂ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಪರದೆಯ ಮೇಲೆ ಅವಳು ಓಡಿಬಂದು ಚಿಲಕ ಸರಿಸಿದಳು. ಹೆಸರು ಬಂತು. ಗೋಡೆಗೆ ಅಂಟಿದ್ದ ನನ್ನ ಮಗಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕುಸಿದು ಕೂತಳು. ಗೆದ್ದಿದ್ದಳು.

ಚಪ್ಪಾಳೆಯ ನಡುವೆ ನಾದಿನಿ ನನ್ನ ಕಿವಿಯ ಹತ್ತಿರ ಬಗ್ಗಿದಳು. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಯಾಕೆ ಅತ್ತಿಗೆ, ತೆಗೀಬೇಡ ಅಂತಾರೆ? ಪಾಪ, ಬೆಳಗ್ಗಿಂದ ಕಾದಿದ್ದಾಳೆ."

ನಾನು ಹೇಳಿಕೊಡಲು ಹೋಗಲಿಲ್ಲ.

"ಈ ಭಾನುವಾರ ಬರ್ತೀನಿ ಕಣೇ, ನಿನ್ನ ಮನೆಗೆ" ಎಂದೆ.

"ಇನ್ನೊಂದು ಶೂಟಿಂಗಾ?"

"ಅಲ್ಲ. ಸುಮ್ಮನೆ."

ಅವಳು ಪೂರ್ತಿ ನನ್ನ ಕಡೆ ತಿರುಗಿ ಕೂತಳು. ಆಮೇಲೆ, ಎಷ್ಟು ಗಂಟೆಗೆ ಎಂದು ಕೇಳಿದಳು.