ನಿದ್ದೆ ಕೊಡುವ ಡಾಕ್ಟರು

ಮೊಮ್ಮಗಳು ಗಗನಾಳಿಗೆ ಆರು ವರ್ಷ. ಉಂಡರೆ ಸಾಕು, ಹೊಟ್ಟೆ ಹಿಡಿದುಕೊಂಡು ಅಳುತ್ತಾಳೆ. ಬಾಯಿಂದ ಪೈಪು ಇಳಿಸಿ ಕ್ಯಾಮೆರಾದಲ್ಲಿ ನೋಡಬೇಕು, ಅದಕ್ಕೆ ಮೊದಲು ನಿದ್ದೆ ಬರಿಸುತ್ತೇವೆ ಎಂದರು ಕೊಪ್ಪದ ಆಸ್ಪತ್ರೆಯವರು. ನಿದ್ದೆ ಬರಿಸುವುದೇನೋ ಸರಿ, ಎಬ್ಬಿಸುವುದು ಯಾರು? ಹೀಗೆ ಕೇಳಿದರೆ ನಮ್ಮ ಮನೆಯಲ್ಲಿ ನಾನೇ ತಲೆಹರಟೆ.

ನಾನು, ಸೊಸೆ ನಯನ, ಮಗು ಬೇಗಾರಿನಿಂದ ಬೆಳಗಿನ ಬಸ್ಸಿಗೆ ಹೊರಟು, ಶೃಂಗೇರಿಯಲ್ಲಿ ಬಸ್ಸು ಬದಲಿಸಿ ಕೊಪ್ಪಕ್ಕೆ ಬಂದೆವು. ಮಗು ದಾರಿಯುದ್ದಕ್ಕೂ ನೀರು ಕೇಳಿತು. ಡಾಕ್ಟರು ಬೇಡ ಎಂದಿದ್ದರಲ್ಲ, ಒಂದು ಹನಿ ಕೊಡಲಿಲ್ಲ.

ನಿದ್ದೆ ಕೊಡುವ ಡಾಕ್ಟರು ಚಿಕ್ಕ ಪ್ರಾಯದ ಹೆಂಗಸು. ಬೇರೆ ಊರಿಂದ ವಾರಕ್ಕೊಮ್ಮೆ ಬರುವವರಂತೆ. ಹಾಗೆ ಬಂದು ಹೋಗುವವರಿಗೆ ನಮ್ಮ ಮಗುವಿನ ಮೇಲೆ ಎಷ್ಟು ಕಾಳಜಿ ಇದ್ದೀತು? ನೇರವಾಗಿ ಕೇಳಿಯೇಬಿಟ್ಟೆ.

"ಇದುವರೆಗೆ ಎಷ್ಟು ಮಕ್ಕಳನ್ನ ಮಲಗಿಸಿದೀರಿ? ಎಲ್ಲರೂ ಎದ್ದಾರಾ?"

"ಅತ್ತೆ!" ಎಂದು ನಯನ ನನ್ನ ಸೆರಗು ಜಗ್ಗಿದಳು.

"ಎದ್ದಿದಾರೆ ಅಜ್ಜಿ," ಎಂದರು ಡಾಕ್ಟರು. "ಮಗು ಏನಾದ್ರೂ ತಿಂದಿದೆಯಾ? ಕುಡಿದಿದೆಯಾ? ಔಷಧಿ ಏನಾದ್ರೂ?"

"ಎಂತದೂ ಇಲ್ಲ," ಎಂದೆವು ಇಬ್ಬರೂ.

ನರ್ಸ್ ಬಂದು ಮಗುವಿನ ಕೈಗೆ ಸೂಜಿ ಚುಚ್ಚಿ, ಪಟ್ಟಿ ಅಂಟಿಸಿ ಹೋದಳು. ಡಾಕ್ಟರು ಮತ್ತೆ ಬಂದು ಅದನ್ನೇ ಕೇಳಿದರು. ಒಮ್ಮೆ ಹೇಳಿದರೆ ಸಾಲದಾ? ನಾಳೆ ಏನಾದರೂ ಆದರೆ ತಪ್ಪು ನಮ್ಮ ಮೇಲೆ ಹಾಕಲು ಈಗಲೇ ದಾರಿ ಮಾಡಿಕೊಳ್ಳುತ್ತಿದ್ದಾರೆ ಅಂದುಕೊಂಡೆ.

ಅಷ್ಟರಲ್ಲಿ ಗಗನಾಳ ತಲೆ ನನ್ನ ಹೆಗಲಿಗೆ ವಾಲಿತು. ಕರೆದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿದಳು. ನನ್ನ ಮೈಯೆಲ್ಲ ಉರಿಯಿತು.

"ನಮ್ಮನ್ನ ಒಂದು ಮಾತು ಕೇಳದೆ ಔಷಧಿ ಕೊಟ್ರಾ? ಮಗುವಿಗೆ ಎಂತ ಆದ್ರೂ ನಾ ನಿಮ್ಮನ್ನ ಬಿಡುವವಳಲ್ಲ!"

ಡಾಕ್ಟರ ಮುಖ ಬಿಳುಚಿತು. "ನಾವಿನ್ನೂ ಏನೂ ಕೊಟ್ಟಿಲ್ಲ. ಬರೀ ಸೂಜಿ ಕೂರಿಸಿದ್ದು. ನೀವು ಏನು ಕೊಟ್ಟಿದೀರಿ?"

ನಾನು ನಯನಳತ್ತ ತಿರುಗಿದೆ. ಇವಳೇ ಏನೋ ಮಾಡಿದ್ದಾಳೆ!

"ನನ್ನನ್ನ ಎಂತ ನೋಡ್ತೀರಿ ಅತ್ತೆ? ನಾ ಎಂತ ಕೊಡ್ಲಿ?"

"ಹೇಗೆ ಬಂದ್ರಿ? ಬಸ್ಸಲ್ಲಾ?" ಡಾಕ್ಟರು ಮಗುವನ್ನು ಮಂಚಕ್ಕೆ ಮಲಗಿಸಿ, ಬೆರಳಿಗೆ ಕ್ಲಿಪ್ಪು ಹಾಕುತ್ತಲೇ ಕೇಳಿದರು. "ತಿರುವಿನಲ್ಲಿ ವಾಂತಿ ಮಾಡಲ್ವಾ?"

"ಮಾಡ್ತಾಳೆ. ಅದಕ್ಕೇ ಮನೆಯಲ್ಲಿ ಮಾತ್ರೆ ಕೊಟ್ಟೇ ಬಸ್ಸು ಹತ್ತಿಸೋದು," ಎಂದಳು ನಯನ. "ನೀರಿಲ್ಲದೆ ಅಗಿದು ನುಂಗಿದಳು. ಅದೂ ಔಷಧಿನಾ?"

ಶೃಂಗೇರಿ ಬಸ್‌ಸ್ಟ್ಯಾಂಡಿನಲ್ಲಿ ಅವಳು ಕೊಪ್ಪದ ಬಸ್ಸು ಯಾವುದೆಂದು ವಿಚಾರಿಸಲು ಹೋದಾಗ ನಾನೂ ಅದೇ ಮಾತ್ರೆ ಒಂದು ಕೊಟ್ಟಿದ್ದೆ. ಇವಳಿಗೆ ಇದೆಲ್ಲ ಎಲ್ಲಿ ನೆನಪಿರುತ್ತದೆ ಅಂತ. ಅವಳನ್ನು ಕೇಳಲೂ ಇಲ್ಲ.

"ನಾನೂ ಕೊಟ್ಟೆ," ಎಂದೆ.

"ಅದೂ ನಿದ್ದೆ ಬರಿಸುತ್ತೆ ಅಜ್ಜಿ. ಎರಡರ ಮೇಲೆ ನನ್ನ ಔಷಧಿನೂ ಬಿದ್ದಿದ್ರೆ ಉಸಿರು ನಿಲ್ಲಬಹುದಿತ್ತು. ಇವತ್ತು ಪೈಪು ಬೇಡ. ಪೂರ್ತಿ ಏಳೋ ತನಕ ಇಲ್ಲೇ ನೋಡ್ತೀವಿ."

ಏಳುವವರೆಗೆ ಆ ಪುಟ್ಟ ಎದೆಯಿಂದ ನಾನು ಕಣ್ಣು ತೆಗೆಯಲಿಲ್ಲ. ಡಾಕ್ಟರೂ ಮಂಚ ಬಿಟ್ಟು ಕದಲಲಿಲ್ಲ. ಮಧ್ಯಾಹ್ನ ಕಳೆದು ಗಗನಾ ಎದ್ದು ಕೂತು, "ಹಸಿವು" ಎಂದಾಗ ನಾನು ಅಲ್ಲೇ ಅತ್ತುಬಿಟ್ಟೆ.

ಹೊರಡುವಾಗ ನಯನ ಕೈ ಚಾಚಿದಳು. "ಆ ಮಾತ್ರೆ ಕೊಡಿ ಅತ್ತೆ."

ಕೊಟ್ಟೆ.

"ಇನ್ನೂ ಇದೆಯಾ?"

"ಇಲ್ಲ ಮಾರಾಯ್ತಿ."

ಅವಳು ನನ್ನ ಚೀಲ ತೆಗೆದುಕೊಂಡು, ತಳದವರೆಗೂ ಕೈ ಹಾಕಿ ಹುಡುಕಿದಳು. ನಾನೇ ಚೀಲದ ಬಾಯಿ ಅಗಲಿಸಿ ಹಿಡಿದೆ.