ಖಾಲಿ ದ್ರಾವಣದ ಗುಡ್ಡ

ಎಂಟರ ಅಂಕಿಯ ಹಾಗೆ ಉಜ್ಜಬೇಕು. ಸುಮ್ಮನೆ ಸುತ್ತು ತಿರುಗಿಸಿದರೆ ಒಂದೇ ಕಡೆ ಸವೆಯುತ್ತದೆ. ಪ್ರಯೋಗಾಲಯದ ಮೇಜಿನ ಮುಂದೆ ಲಸ್ಸಾದ್ ಒದ್ದೆ ಬಟ್ಟೆಗೆ ಬಿಳಿ ಪುಡಿ ಹಚ್ಚಿ ಇಂಗಾಲದ ಕಡ್ಡಿಯ ತುದಿಯನ್ನು ಮತ್ತೆ ಉಜ್ಜಿದ. ತುದಿ ಕನ್ನಡಿಯಾಯಿತು. ಅವನ ಮುಖ ಹಿಡಿಸುವಷ್ಟು ಜಾಗ ಮಾತ್ರ ಅದರಲ್ಲಿರಲಿಲ್ಲ.

ಗಾಜಿನ ಪಾತ್ರೆಯಲ್ಲಿ ಉಪ್ಪಿನ ದ್ರಾವಣ, ಅದರಲ್ಲಿ ವಿದ್ಯುತ್ ಹಾಯಿಸುವ ಮೂರು ಕಡ್ಡಿಗಳು, ಆಮ್ಲಜನಕವನ್ನು ಓಡಿಸಲು ಸಾರಜನಕದ ಗುಳ್ಳೆಗಳು. ಮೊದಲು ಏನೂ ಬೆರೆಸದ ಖಾಲಿ ದ್ರಾವಣವನ್ನು ಅಳೆಯುವುದು ಪದ್ಧತಿ. ವೋಲ್ಟೇಜು ಏರಿ ಇಳಿಯುವಾಗ ಪರದೆಯ ಗೆರೆ ಸಪಾಟಾಗಿ ಹೋಗಿ ಸಪಾಟಾಗಿ ಮರಳಬೇಕು. ಆಲಿವ್ ಎಣ್ಣೆಯ ಸಾರ ಬಿದ್ದಾಗ ಮಾತ್ರ ಆ ಗೆರೆಯಲ್ಲಿ ಗುಡ್ಡ ಏಳಬೇಕು. ಆ ಗುಡ್ಡವೇ ಅವನ ಪ್ರಬಂಧ. ಟ್ಯೂನಿಸ್‌ನಿಂದ ಬರುವ ಪರೀಕ್ಷಕಿ ಇಂದು ಅದನ್ನು ಕಣ್ಣಾರೆ ಕಂಡರೆ ಡಾಕ್ಟರೇಟು, ಆಮೇಲೆ ಕಾಯಂ ನೌಕರಿ.

ಖಾಲಿ ದ್ರಾವಣದಲ್ಲೇ ಗುಡ್ಡ ಎದ್ದಿತು.

ಪಾತ್ರೆ ತೊಳೆದ. ಹೊಸ ದ್ರಾವಣ ಹಾಕಿದ. ಮತ್ತೆ ಗುಡ್ಡ. ಪ್ರಬಂಧದಲ್ಲಿ ಅಚ್ಚಾದದ್ದಕ್ಕಿಂತ ಚಂದವಾಗಿತ್ತು.

ಪಕ್ಕದ ಮೇಜಿನ ರೌದಾ, ಹುಳಿ ಮಜ್ಜಿಗೆ ಕುಡಿದವರ ಹಾಗೆ ಯಾಕಿದ್ದೀಯ ಎಂದಳು. ಅವನು ಹೇಳಿದ.

"ಬೆಳಿಗ್ಗೆ ಏನ್ ತಿಂದೆ?"

"ರೊಟ್ಟಿ, ಎಣ್ಣೆ."

"ಕೈ ತೊಳ್ಕೊಂಡ್ಯಾ?"

"ಸೋಪು ಹಾಕಿ."

"ಯಾವ ಸೋಪು?"

ಅವಳು ನಲ್ಲಿಯತ್ತ ಗದ್ದ ಎತ್ತಿ ತೋರಿಸಿದಳು. ಅಲ್ಲಿ ಸ್ಫಾಕ್ಸ್ ಊರಿನ ಎಲ್ಲ ಮನೆಗಳಲ್ಲೂ ಇರುವ ಹಸಿರು ಸೋಪು. ಅದೂ ಆಲಿವ್ ಎಣ್ಣೆಯದೇ. ಪಾತ್ರೆ, ಕಡ್ಡಿ, ಕೈ ಎಲ್ಲ ಇಷ್ಟು ವರ್ಷ ಅದರಲ್ಲೇ ತೊಳೆದದ್ದು. ಹಾಗಾದರೆ ತಾನು ಅಳೆದದ್ದು ಎಣ್ಣೆಯನ್ನೋ, ತನ್ನ ಶುಚಿತ್ವವನ್ನೋ? ಲಸ್ಸಾದ್‌ಗೆ ನಗು ಬರಬೇಕಿತ್ತು. ಬರಲಿಲ್ಲ.

ಎಲ್ಲರೂ ಗೌರವದಿಂದ ‘ಸೀ’ ಸೇರಿಸಿ ಕರೆಯುವ ಮಾರ್ಗದರ್ಶಕ ಸೀ ಬಶೀರ್ ಪರೀಕ್ಷಕಿಗೆ ಕಾಫಿ ಕೊಡಿಸಿ ಒಬ್ಬರೇ ಒಳಗೆ ಬಂದರು. ಅವನು ತಗ್ಗಿದ ದನಿಯಲ್ಲಿ ವಿಷಯ ತಿಳಿಸಿದ.

"ಖಾಲಿದು ತೋರ್ಸು ಅಂತ ಆಯಮ್ಮ ಕೇಳಿದ್ರಾ?"

"ಇಲ್ಲ, ಸೀ ಬಶೀರ್."

"ಮತ್ತೆ? ಕೇಳದೇ ಇರೋ ಪ್ರಶ್ನೆಗೆ ಉತ್ತರ ಕೊಡೋ ಚಾಳಿ ಬಿಡು, ಮಗೂ."

ಪರೀಕ್ಷಕಿ ಬಂದು ಕಾಫಿಯನ್ನು ಹೊಗಳಿ ಪರದೆಯ ಮುಂದೆ ಕುಳಿತರು. ಲಸ್ಸಾದ್ ಎಣ್ಣೆಯ ಸಾರವನ್ನು ರಬ್ಬರ್ ತಲೆಯ ಗಾಜಿನ ನಳಿಗೆಗೆ ಎಳೆದುಕೊಂಡು ಪಾತ್ರೆಯ ಬಾಯಿಯ ಮೇಲೆ ಹಿಡಿದ. ಹನಿ ಬೀಳಿಸಲು ಹೆಬ್ಬೆರಳು ಒತ್ತಲಿಲ್ಲ. ಯಾಕೆ ಒತ್ತಲಿಲ್ಲ ಎಂದು ಯಾರಾದರೂ ಕೇಳಬಹುದೆಂದು ಕಾದ. ಕೇಳಿದರೆ ಹೇಳಿಬಿಡುತ್ತಿದ್ದ.

ಸೀ ಬಶೀರ್ ಯಂತ್ರದ ಗುಂಡಿ ಒತ್ತಿದರು. ಗೆರೆ ಏರಿತು.

"ಸೊಗಸಾಗಿದೆ," ಎಂದರು ಪರೀಕ್ಷಕಿ. "ಇದೇ ತಾನೇ ನಿಮ್ಮ ಎಣ್ಣೆ?"

ಎಲ್ಲರ ಕಣ್ಣೂ ಪರದೆಯ ಮೇಲಿತ್ತು. ನಳಿಗೆಯ ತುದಿಯಲ್ಲಿ ಒಂದು ಹಳದಿ ಹನಿ ಊದಿಕೊಂಡು ನಡುಗುತ್ತ ಬೀಳದೆ ನಿಂತಿತ್ತು. ಗೆರೆ ಹೊರಟ ಜಾಗಕ್ಕೇ ಮರಳಿ, ಯಾರ ಅಪ್ಪಣೆಗೂ ಕಾಯದೆ, ಎರಡನೆಯ ಸಲ ಏರತೊಡಗಿತು.