ಸೀಟಿನಡಿಯ ಕೋವಿ

ಅಲಾಸ್ಕಾದ ಆ ವಾಯುನೆಲೆಯಲ್ಲಿ ಆರ್ಡಿತ್‌ಳ ಕೆಲಸ ಒಂದೇ. ವಿಮಾನ ಬಿದ್ದು ಕಾಡುಪಾಲಾದ ಪೈಲಟ್‌ಗಳು ಬೇಟೆಯಾಡಿ ಜೀವ ಹಿಡಿದುಕೊಳ್ಳಲೆಂದು ಕೊಡುವ ಮಡಚು ಕೋವಿಗಳನ್ನು ಅವರ ಸೀಟಿನಡಿಯ ಚೀಲಕ್ಕೆ ತುಂಬುವುದು. ಕೋವಿಯ ಹಿಡಿಯೊಳಗೇ ಒಂಬತ್ತು ಗುಂಡಿನ ತೋಟಾ, ನಾಲ್ಕು ಚರೆಯ ತೋಟಾ. ಹೊಸ ಕೋವಿಯಾದರೆ ಅದರ ಎಣ್ಣೆಯನ್ನೆಲ್ಲ ಪೆಟ್ರೋಲಿನಲ್ಲಿ ತೊಳೆದು ಒಣಗಿಸಬೇಕು. ಇಲ್ಲದಿದ್ದರೆ ಚಳಿಗೆ ಎಣ್ಣೆ ಮೇಣವಾಗಿ, ಒಳಗಿನ ಮೊಳೆ ತೋಟಾದ ಹಿಂಬದಿಯ ಕೇಪಿಗೆ ಬಲವಾಗಿ ಬಡಿಯದೆ ಗುಂಡು ಸಿಡಿಯುವುದೇ ಇಲ್ಲ.

ಜನವರಿಯ ಒಂದು ಮಧ್ಯಾಹ್ನ ಅವಳು ಕೊನೆಯದಾಗಿ ಒಂದು ಹೊಸ ಕೋವಿ ಎತ್ತಿಕೊಂಡಾಗ ಆರಿನ್ ಬಾಗಿಲಿಗೆ ಒರಗಿ ನಿಂತಿದ್ದ. ಪೈಲಟ್. ಏಪ್ರಿಲ್‌ನಲ್ಲಿ ಅವಳನ್ನು ಮದುವೆಯಾಗಬೇಕಿದ್ದವನು.

"ಏನೇ, ಕೋವಿಗೆ ಸ್ನಾನ ಮಾಡಿಸ್ತಾ ಕೂತ್ರೆ ಡ್ಯಾನ್ಸಿಗೆ ಹೋಗೋದು ಯಾವಾಗ? ನಾಳೆ ನಂಗೂ ಇಷ್ಟು ಉಪಚಾರ ಮಾಡ್ತೀಯೋ ಇಲ್ವೋ!"

"ಸುಮ್ನಿರೋ, ಬಂದೆ."

ಅವಳು ನಾಚಿಕೊಂಡು, ಬಟ್ಟೆಯಲ್ಲಿ ಮೇಲೆಮೇಲೆ ಒರೆಸಿ, ಚೀಲ ಕಟ್ಟಿ ಚೀಟಿಗೆ ಸಹಿ ಹಾಕಿದಳು.

ಎಂಟು ದಿನಕ್ಕೆ ಆರಿನ್‌ನ ವಿಮಾನ ಬಿತ್ತು. ಹುಡುಕಿದವರಿಗೆ ಅವನು ಸಿಕ್ಕಿದ್ದು ಇಪ್ಪತ್ತಾರನೆಯ ದಿನ, ಒಂದು ಮರದ ಬುಡದಲ್ಲಿ. ಹಸಿವಿನಿಂದ ಸತ್ತಿದ್ದ. ಸುತ್ತಲಿನ ಹಿಮದ ತುಂಬ ಮೊಲದ ಹೆಜ್ಜೆ.

ಸಾಮಾನು ಗುರುತಿಸಲು ಸಾರ್ಜೆಂಟ್ ಡೌಡ್ ಆರ್ಡಿತ್‌ಳನ್ನು ಕರೆದ. ಚೀಲದ ಚೀಟಿಯ ಮೇಲೆ ಅವಳದೇ ಸಹಿ. ಮೇಜಿನ ಮೇಲೆ ಕೋವಿ ಮತ್ತು ಹದಿಮೂರು ತೋಟಾ. ಒಂದೂ ಸಿಡಿದಿರಲಿಲ್ಲ. ಮಿನೆಸೋಟದಿಂದ ಬಂದಿದ್ದ ಆರಿನ್‌ನ ತಾಯಿ ಹಲ್ಡಾ ಕುರ್ಚಿಯಲ್ಲಿ ಕೂತಿದ್ದಳು.

"ಮೊಲ ಕಣ್ಮುಂದೇನೇ ಓಡಾಡ್ತಿದ್ರೂ ಕೋವಿ ಎತ್ತಲಿಲ್ವಲ್ಲಪ್ಪ," ಎಂದಳು ಅವಳು ಡೌಡ್‌ಗೆ. "ಬದುಕೋದೇ ಬೇಡ ಅನ್ನಿಸ್ತಾ ನನ್ನ ಮಗನಿಗೆ? ನಮ್ಮನ್ನೆಲ್ಲ ಅಷ್ಟು ಬೇಗ ಬಿಟ್ಬಿಟ್ನಾ?"

ಆರ್ಡಿತ್ ಒಂದು ತೋಟಾ ತಿರುಗಿಸಿ ನೋಡಿದಳು. ಕೇಪಿನ ಮೇಲೆ ಮೊಳೆ ಬಡಿದ ಗುರುತು, ಸಾಸಿವೆಯಷ್ಟೇ ಎರಡು ತಗ್ಗು. ಇನ್ನೊಂದರ ಮೇಲೂ. ಎಲ್ಲದರ ಮೇಲೂ.

ಡೌಡ್ ಕೂಡ ನೋಡಿದ್ದ. ಅವಳ ಕೈಯಿಂದ ಮೆಲ್ಲಗೆ ತೋಟಾ ತೆಗೆದುಕೊಂಡು, "ನೀನು ಹೊರಗೆ ಹೋಗಮ್ಮ. ಇಲ್ಲಿದ್ದು ನಾನು ನೋಡ್ಕೋತೀನಿ," ಎಂದು ಪಿಸುಗುಟ್ಟಿದ.

ಬಾಗಿಲು ನಾಲ್ಕು ಹೆಜ್ಜೆ ದೂರವಿತ್ತು. ಅವಳು ಹೋಗಲಿಲ್ಲ.

"ಅವನು ಬಿಟ್ಟುಕೊಡಲಿಲ್ಲ ಅತ್ತೆ. ಹದಿಮೂರನ್ನೂ ಹಾಕಿ ಹೊಡೆದಿದಾನೆ. ಒಂದೊಂದನ್ನ ಎರಡೆರಡು ಸಲ. ಕೋವಿಗೇ ಬಲ ಇರ್ಲಿಲ್ಲ. ನಾನು ಎಣ್ಣೆ ತೊಳೀಲಿಲ್ಲ."

ಹಲ್ಡಾ ತೋಟಾಗಳನ್ನು ಮಡಿಲಿಗೆ ಹಾಕಿಕೊಂಡಳು. ಒಂದೊಂದನ್ನೇ ಎತ್ತಿ ಉಗುರಿನಿಂದ ತಡವಿದಳು.

"ಇದಕ್ಕೆ ಮೂರು ಸಲ ಹೊಡೆದಿದಾನೆ," ಎಂದಳು ಒಮ್ಮೆ. ದನಿಯಲ್ಲಿ ಹೆಮ್ಮೆಯಂಥದ್ದೇನೋ ಇತ್ತು.

ಅವಳು ಹದಿಮೂರನ್ನೂ ನೋಡಿ ಮುಗಿಸುವವರೆಗೆ ಆರ್ಡಿತ್ ಎದುರಿಗೇ ನಿಂತಿದ್ದಳು. ಆಮೇಲೆ ಹಲ್ಡಾ ತಲೆ ಎತ್ತದೆ ಹೇಳಿದಳು:

"ಹೇಳಿದ್ದು ಒಳ್ಳೇದಾಯ್ತು. ಇನ್ಮೇಲೆ ನನ್ನ ಅತ್ತೆ ಅನ್ಬೇಡ."